ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡಿ ಟೀಚರ್‌ಗಳಿಗೆ ಬೋನಸ್: ಒಪ್ಪಿಗೆ ಬರೆದುಕೊಡಬೇಕಾ?

ಲೆಕ್ಕದ ಮೇಡಂ:

ನಾನು ದಾವಣಗೆರೆ ಜಿಲ್ಲೆಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಮುಂದಿನ ವರ್ಷದಿಂದ ಬೋನಸ್ ಕೊಡುತ್ತೇವೆ ಅಂತ ಆಡಳಿತ ಮಂಡಳಿ ಹೇಳಿದೆ. ಎಸ್ಸೆಸ್ಸೆಲ್ಸಿಯಲ್ಲಿ ಯಾರ ವಿಷಯದಲ್ಲಿ ನೂರಕ್ಕೆ ನೂರು ಪಾಸೋ ಅವರಿಗೆ ಒಂದು ತಿಂಗಳ ಸಂಬಳ. ಸರಾಸರಿ 80 ದಾಟಿದರೆ ಇನ್ನೂ ಅರ್ಧ ತಿಂಗಳದ್ದು. ಸ್ಟಾಫ್ ಎಲ್ಲ ಮಾರ್ಚ್ ಒಳಗೆ ಒಪ್ಪಿಗೆ ಬರೆದುಕೊಡಬೇಕು.

ದುಡ್ಡು ಬೇಡ ಅಂತಲ್ಲ. ನಮ್ಮ ಸಂಬಳ ಸರ್ಕಾರಿ ಶಾಲೆಯವರ ಅರ್ಧಕ್ಕೂ ಬರುವುದಿಲ್ಲ. ಸಂಜೆ ಆರರವರೆಗೆ ಸ್ಪೆಷಲ್ ಕ್ಲಾಸ್ ಮಾಡುವವರಿಗೂ, ಬೆಲ್ ಹೊಡೆದ ತಕ್ಷಣ ಬಸ್ ಹತ್ತುವವರಿಗೂ ಒಂದೇ ಸಂಬಳ. ಇದು ನ್ಯಾಯ ಅಲ್ಲ ಅಂತ ನನಗೂ ಅನಿಸುತ್ತದೆ.

ಚಿಂತೆ ಇರುವುದು ಬಿ ಸೆಕ್ಷನ್ನದ್ದು. ನಮ್ಮಲ್ಲಿ ಒಂಬತ್ತನೇ ತರಗತಿಯ ಅಂಕ ನೋಡಿ ಸೆಕ್ಷನ್ ಮಾಡುತ್ತಾರೆ. ಬಿ ಸೆಕ್ಷನ್ ನನ್ನದು. ಭಿನ್ನರಾಶಿ ಕೂಡಿಸಲು ಬಾರದವರಿದ್ದಾರೆ. ಅಡಿಕೆ ಸುಲಿಯುವ ಕಾಲ ಬಂದರೆ ಕೆಲವರು ವಾರಗಟ್ಟಲೆ ಶಾಲೆಗೆ ಬರುವುದಿಲ್ಲ. ಜೂನ್‌ನಲ್ಲಿ ಭಾಗಾಕಾರಕ್ಕೇ ತಡವರಿಸುತ್ತಿದ್ದ ಒಬ್ಬ ಹುಡುಗ ಜನವರಿಯಲ್ಲಿ ಬೋರ್ಡಿಗೆ ಬಂದು ವರ್ಗ ಸಮೀಕರಣ ಬಿಡಿಸಿದ. ಪ್ರಿಪರೇಟರಿಯಲ್ಲಿ ಅವನಿಗೆ ಬಂದದ್ದು 80ಕ್ಕೆ 24. ಈ ಸ್ಕೀಮಿನ ಲೆಕ್ಕದಲ್ಲಿ ಅವನು ನನ್ನ ಬೋನಸ್ ತಪ್ಪಿಸುವ ಹುಡುಗ. ಅವನನ್ನು ಹಾಗೆ ನೋಡಲು ನನ್ನಿಂದ ಆಗುವುದಿಲ್ಲ.

‘ಕೆಲವರಿಗೆ ಒಂಬತ್ತರಲ್ಲೇ ಟಿಸಿ ಕೊಟ್ಟರೆ ಒಳ್ಳೆಯದು’ ಅನ್ನುವ ಮಾತು ಸ್ಟಾಫ್ ರೂಮಿನಲ್ಲಿ ಆಗಲೇ ಶುರುವಾಗಿದೆ. ಬೇರೆ ಕಡೆ ಇಂಥ ಬೋನಸ್ ಹೇಗೆ ನಡೆದಿದೆ? ಸಹಿ ಹಾಕುವ ಮುಂಚೆ ಏನು ಕೇಳಬೇಕು?

ಮುಳಬಾಗಿಲಿನವ:

ಮೇಡಂ, ಪಕ್ಕದ ಆಂಧ್ರದಲ್ಲೇ ಇದನ್ನು ದೊಡ್ಡದಾಗಿ ಮಾಡಿ ನೋಡಿದ್ದಾರೆ. 2005ರಲ್ಲಿ ಶುರುವಾಯಿತು. ನಡೆಸಿದ್ದು ಬೆಂಗಳೂರಿನ ಅಜೀಂ ಪ್ರೇಮ್‌ಜಿ ಫೌಂಡೇಶನ್. ಅಧ್ಯಯನ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಅವರದು. ಹಳ್ಳಿಗಳ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ 100 ಕಡೆ ಆಯಾ ಮೇಷ್ಟ್ರಿಗೆ ಬೋನಸ್, 100 ಕಡೆ ಇಡೀ ಶಾಲೆಗೆ ಸೇರಿ ಬೋನಸ್. ಹೋಲಿಸಿ ನೋಡಲು ಇನ್ನೂ 100 ಶಾಲೆ, ಅಲ್ಲಿ ಏನೂ ಕೊಡಲಿಲ್ಲ.

ಅಲ್ಲಿ ಪಾಸಾದವರನ್ನು ಎಣಿಸಲಿಲ್ಲ. ವರ್ಷದ ಶುರುವಿನಲ್ಲಿ ಮಗು ಎಲ್ಲಿತ್ತು, ಕೊನೆಗೆ ಎಲ್ಲಿಗೆ ಬಂತು ಅನ್ನುವುದನ್ನು ನೋಡಿದರು. ಪರೀಕ್ಷೆ ಮಾಡಿದ್ದು ಹೊರಗಿನವರು. ಸರಾಸರಿ ಏರಿಕೆ ಶೇ 5 ದಾಟಿದ ಮೇಲೆ ಪ್ರತಿ ಒಂದು ಶೇಕಡಾಕ್ಕೆ 500 ರೂಪಾಯಿ. ಸರಾಸರಿಯಲ್ಲಿ ಇದು ವರ್ಷದ ಸಂಬಳದ ಶೇ 3ರಷ್ಟು, ಅಷ್ಟೇ. ದಡ್ಡ ಮಕ್ಕಳನ್ನು ಪರೀಕ್ಷೆ ದಿನ ಮನೆಯಲ್ಲೇ ಇರಿಸಿದರೆ ಮೇಷ್ಟ್ರಿಗೆ ಲಾಭ ಸಿಗದಂತೆ ನಿಯಮವೂ ಇತ್ತು.

ಎರಡು ವರ್ಷದಲ್ಲಿ ಬೋನಸ್ ಶಾಲೆಗಳ ಮಕ್ಕಳು ಗಣಿತ, ಭಾಷೆ ಎರಡರಲ್ಲೂ ಮುಂದಿದ್ದರು. ಬೋನಸ್ಸಿಗೆ ಸೇರದ ವಿಜ್ಞಾನ, ಸಮಾಜದಲ್ಲೂ ಮುಂದೆ. ನನಗೆ ಮುಖ್ಯ ಅನಿಸಿದ್ದು ಬೇರೆ. ಮೇಷ್ಟ್ರುಗಳ ಹಾಜರಾತಿ ಏನೂ ಬದಲಾಗಲಿಲ್ಲ. ಶಾಲೆಗೆ ಬಂದ ದಿನ ಮಾಡುವ ಕೆಲಸ ಜಾಸ್ತಿಯಾಯಿತು: ಹೋಂವರ್ಕ್, ಶಾಲೆ ಬಿಟ್ಟ ಮೇಲೆ ಕ್ಲಾಸು, ಅಭ್ಯಾಸ ಪರೀಕ್ಷೆ.

ನ್ಯೂಯಾರ್ಕ್ ನಗರದಲ್ಲಿ ಹೀಗಾಗಲಿಲ್ಲ. 2007ರಿಂದ ಸುಮಾರು 200 ಶಾಲೆಗಳಲ್ಲಿ, ಗುರಿ ಮುಟ್ಟಿದ ಶಾಲೆಗೆ ಟೀಚರ್ ಒಬ್ಬರಿಗೆ 3,000 ಡಾಲರ್ ಲೆಕ್ಕದಲ್ಲಿ ಕೊಟ್ಟರು. ಮಕ್ಕಳ ಅಂಕ ಏರಲಿಲ್ಲ. 2011ರಲ್ಲಿ ನಿಲ್ಲಿಸಿದರು. ಬೋನಸ್ ಅಂದರೇ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ನಿಮ್ಮ ಮಂಡಳಿಯ ಅಳತೆ ತಪ್ಪು. ಅದರಲ್ಲಿ ಎ ಸೆಕ್ಷನ್ ಸಿಕ್ಕವರು ಏನೂ ಮಾಡದೆ ಗೆಲ್ಲುತ್ತಾರೆ.

ನಿವೃತ್ತ ಎಚ್ಚೆಂ, ಗದಗ:

ಮುಳಬಾಗಿಲಿನವರು ಹೇಳಿದ್ದು ಸರಿ. ಆದರೆ ಶುರುವಿನ ಪರೀಕ್ಷೆ ಮಾಡುವವರು ಯಾರು? ಜೂನ್‌ನಲ್ಲಿ ಸೇತುಬಂಧದ (ಹಿಂದಿನ ತರಗತಿಯ ಪಾಠ ನೆನಪಿಸುವ ಶುರುವಿನ ತರಗತಿಗಳು) ಪೂರ್ವ ಪರೀಕ್ಷೆ ಮಾಡುತ್ತೇವೆ, ಅಂಕ ಹಾಕುವವರೂ ನಾವೇ. ಅದರ ಮೇಲೆ ಬೋನಸ್ ಇಟ್ಟರೆ ಜೂನ್‌ನಲ್ಲಿ ಎಲ್ಲ ಮಕ್ಕಳಿಗೂ ಕಡಿಮೆ ಅಂಕವೇ ಬೀಳುತ್ತದೆ.

ಬೋರ್ಡ್ ಪರೀಕ್ಷೆಯನ್ನಾದರೂ ನಂಬೋಣ ಅಂದರೆ ಅದೂ ಕಷ್ಟ. ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ 2023ರಲ್ಲಿ ಶೇ 83.89. ಮರುವರ್ಷ ಪರೀಕ್ಷಾ ಕೊಠಡಿಗೆ ವೆಬ್‌ಕ್ಯಾಸ್ಟಿಂಗ್ ಬಂತು, ಅಂದರೆ ನಕಲು ತಡೆಯಲು ಕ್ಯಾಮೆರಾದಲ್ಲಿ ನೇರವಾಗಿ ನೋಡುವುದು. ಶೇ 73.40ಕ್ಕೆ ಇಳಿಯಿತು, ಅದೂ ಗ್ರೇಸ್ ಅಂಕ ಜಾಸ್ತಿ ಮಾಡಿದ ಮೇಲೆ. ಫಲಿತಾಂಶ ಹೆಚ್ಚಿಸಿ ಅನ್ನುವ ಒತ್ತಡ ಎಂಥದ್ದು ಅಂತ ನಾನು ಕುರ್ಚಿಯಲ್ಲಿ ಕೂತು ನೋಡಿದ್ದೇನೆ. ಅದಕ್ಕೆ ದುಡ್ಡೂ ಸೇರುವುದು ಬೇಡಮ್ಮ. ಮೊದಲು ಎಲ್ಲರ ಸಂಬಳ ಸರಿ ಮಾಡಲಿ.

ಪಿಟಿ ಮೇಷ್ಟ್ರು:

ನನಗೆ ಬೋರ್ಡ್ ಪರೀಕ್ಷೆಯೇ ಇಲ್ಲ. ಎಂಟನೇ ತರಗತಿಯಲ್ಲಿ ಮಗ್ಗಿ ತಿದ್ದಿಸುವ ಮೇಡಂಗೂ ಇಲ್ಲ. ಹತ್ತರ ಫಲಿತಾಂಶದಲ್ಲಿ ಅವರ ಪಾಲು ಎಷ್ಟು ಅಂತ ಮಂಡಳಿಯವರನ್ನು ಕೇಳಿ.

ಲೆಕ್ಕದ ಮೇಡಂ:

ಎಲ್ಲರಿಗೂ ಥ್ಯಾಂಕ್ಸ್. ಎಚ್ಚೆಂ ಸರ್, ಎಲ್ಲರ ಸಂಬಳ ಏರಿಸಲಿ ಅನ್ನುವುದು ನಮ್ಮ ಮೊದಲ ಬೇಡಿಕೆಯೂ ಹೌದು. ಮೂರು ವರ್ಷದಿಂದ ಕೇಳುತ್ತಿದ್ದೇವೆ, ಆಗಿಲ್ಲ.

ಈಗಿನ ರೂಪದಲ್ಲಿ ನಾನು ಸಹಿ ಹಾಕುವುದಿಲ್ಲ. ಸ್ಟಾಫ್ ಮೀಟಿಂಗ್‌ನಲ್ಲಿ ಹೀಗೆ ಕೇಳುತ್ತೇನೆ: ಏರಿಕೆ ನೋಡಿ ಕೊಡಿ. ಪರೀಕ್ಷೆ ಬೇರೆ ಶಾಲೆಯವರು ಮಾಡಲಿ. ಟಿಸಿ ಕೊಟ್ಟ ಮಗುವಿನ ಏರಿಕೆ ಸೊನ್ನೆ ಅಂತ ಲೆಕ್ಕಕ್ಕೆ ಹಿಡಿಯಿರಿ. ಎಂಟು, ಒಂಬತ್ತರವರನ್ನೂ ಸೇರಿಸಿ. ಪಿಟಿ ಸರ್, ನಿಮ್ಮ ವಿಷಯವನ್ನು ಹೇಗೆ ಅಳೆಯುವುದು ಅಂತ ನೀವೇ ಎರಡು ಸಾಲು ಬರೆದುಕೊಡಿ, ಓದುತ್ತೇನೆ.

ಭಾಗಾಕಾರ, ಭಿನ್ನರಾಶಿಯಿಂದ ಶುರುವಾಗುವ ಪ್ರಶ್ನೆಪತ್ರಿಕೆ ಯಾರ ಹತ್ತಿರವಾದರೂ ಇದ್ದರೆ ಇಲ್ಲಿ ಹಾಕಿ. ಎಂಟನೇ ತರಗತಿಯದ್ದು ಮೊದಲು ಬೇಕು.