ನಿರಾಶ್ರಿತ ಕುಟುಂಬದ ಜೊತೆಗಿರುವುದು: ಎಲ್ಲಿಯವರೆಗೆ ನೆರವಾಗಬೇಕು, ಎಲ್ಲಿ ಕೈ ಹಿಂದಕ್ಕೆ ತೆಗೆಯಬೇಕು?

ಪ್ರಶ್ನೆ

ನಿರಾಶ್ರಿತರ ಪುನರ್ವಸತಿಗಾಗಿ ದುಡಿಯುವ ಸಂಸ್ಥೆಯೊಂದರಲ್ಲಿ ಸ್ವಯಂಸೇವಕಿಯಾಗಿ ಹೆಸರು ಕೊಟ್ಟಿದ್ದೇನೆ. ತರಬೇತಿ ಮುಗಿದಿದ್ದು, ಮುಂದಿನ ವಾರ ಗಂಡ, ಹೆಂಡತಿ, ಹನ್ನೊಂದು ವರ್ಷದ ಮಗಳು ಹಾಗೂ ಅಜ್ಜಿ ಇರುವ ಕುಟುಂಬವೊಂದರ ಜೊತೆಗಿರುವ ಹೊಣೆಯನ್ನು ನನಗೂ ಇನ್ನೊಬ್ಬ ಸ್ವಯಂಸೇವಕರಿಗೂ ವಹಿಸಲಿದ್ದಾರೆ. ಮನೆಯವರಲ್ಲಿ ಮಗಳಿಗೆ ಮಾತ್ರ ಇಲ್ಲಿನ ಭಾಷೆ ಅಷ್ಟಿಷ್ಟು ಬರುತ್ತದೆಯಂತೆ.

ನನ್ನ ಅಳುಕು ಇದು. ಇನ್ನೊಬ್ಬರು ತಡವರಿಸುವುದನ್ನು ನೋಡುತ್ತಾ ನಿಲ್ಲುವುದು ನನ್ನಿಂದಾಗದು; ನಾನೇ ಕೈ ಹಾಕಿ ಮುಗಿಸಿಬಿಡುತ್ತೇನೆ. ಬ್ಯಾಂಕ್ ಖಾತೆ, ಶಾಲೆಯ ದಾಖಲಾತಿ, ಆಸ್ಪತ್ರೆಯ ಓಡಾಟ ಎಲ್ಲವನ್ನೂ ನಾನೇ ಮಾಡಿಕೊಟ್ಟರೆ, ಅಷ್ಟೆಲ್ಲ ಅನುಭವಿಸಿ ಬಂದವರಿಗೆ ಸ್ವಲ್ಪ ಉಸಿರಾಡಲು ಬಿಡುವಾದೀತು ಎಂದು ಒಂದು ಮನಸ್ಸು ಹೇಳುತ್ತದೆ. ಹಾಗೆ ಮಾಡಿದರೆ ಅವರು ಯಾವತ್ತೂ ನನ್ನನ್ನೇ ಕಾಯುವಂತಾದೀತು ಎನ್ನುತ್ತದೆ ಇನ್ನೊಂದು ಮನಸ್ಸು. ಅವರು ಹಿಂದೆ ಪಟ್ಟ ಪಾಡನ್ನು ನಾನಾಗಿ ಕೇಳಬಹುದೇ ಎಂಬುದೂ ತಿಳಿಯುತ್ತಿಲ್ಲ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ಏಳು ವರ್ಷಗಳಿಂದ ಈ ಕೆಲಸದಲ್ಲಿದ್ದೇನೆ. ನೀವು ಕೈ ಹಾಕಲೇಬಾರದ ಜಾಗ ಒಂದಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ. ಅದು ಕಾನೂನು.

ಜನಾಂಗ, ಧರ್ಮ, ರಾಷ್ಟ್ರೀಯತೆ, ನಿರ್ದಿಷ್ಟ ಸಾಮಾಜಿಕ ಗುಂಪಿನ ಸದಸ್ಯತ್ವ ಅಥವಾ ರಾಜಕೀಯ ಅಭಿಪ್ರಾಯದ ಕಾರಣಕ್ಕೆ ಕಿರುಕುಳಕ್ಕೊಳಗಾಗುವ ಸಕಾರಣ ಭಯದಿಂದ ಸ್ವದೇಶದ ಹೊರಗಿದ್ದು, ಅದರ ರಕ್ಷಣೆ ಪಡೆಯಲಾಗದವರು ನಿರಾಶ್ರಿತರು ಎಂದು ನಿರಾಶ್ರಿತರ ಸ್ಥಾನಮಾನ ಕುರಿತ 1951ರ ಅಂತರರಾಷ್ಟ್ರೀಯ ಒಡಂಬಡಿಕೆ ಹೇಳುತ್ತದೆ; ಅದಕ್ಕಿದ್ದ ಕಾಲ ಮತ್ತು ಪ್ರದೇಶದ ಮಿತಿಯನ್ನು 1967ರ ಪ್ರೋಟೋಕಾಲ್ ಎಂಬ ಪೂರಕ ಒಪ್ಪಂದ ತೆಗೆದುಹಾಕಿತು. ಆದರೆ ನಾವು ಒಂದೇ ಹೆಸರಿನಿಂದ ಕರೆಯುವವರೆಲ್ಲರ ಸ್ಥಿತಿ ಒಂದೇ ಅಲ್ಲ. ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿಯ ಶಿಫಾರಸಿನ ಮೇಲೆ ಪುನರ್ವಸತಿಗೆಂದು ಕರೆತಂದ ಕುಟುಂಬಕ್ಕೆ ಸಾಮಾನ್ಯವಾಗಿ ಬರುವಾಗಲೇ ವಾಸದ ಹಕ್ಕು ಸಿಕ್ಕಿರುತ್ತದೆ. ಆಶ್ರಯ ಕೋರಿ ಅರ್ಜಿ ಹಾಕಿ ಕಾಯುತ್ತಿರುವವರಿಗೆ ಆ ನೆಮ್ಮದಿ ಇರುವುದಿಲ್ಲ, ಎಷ್ಟೋ ದೇಶಗಳಲ್ಲಿ ಒಂದಷ್ಟು ಕಾಲ ದುಡಿಯುವ ಅನುಮತಿಯೂ ಇರುವುದಿಲ್ಲ. ನಿಮಗೆ ಒಪ್ಪಿಸಲಿರುವ ಕುಟುಂಬ ಯಾವ ಬಗೆಯದೆಂದು ಸಂಸ್ಥೆಯವರಿಂದ ಮೊದಲೇ ತಿಳಿದುಕೊಳ್ಳಿ.

ನಮ್ಮ ತಂಡದಲ್ಲಿದ್ದ ಒಬ್ಬರು, ಪಾಸ್‌ಪೋರ್ಟಿನ ಅವಧಿ ಮುಗಿಯುತ್ತಿದೆಯೆಂದು ಚಿಂತಿಸುತ್ತಿದ್ದವರಿಗೆ, ನಿಮ್ಮ ದೇಶದ ರಾಯಭಾರ ಕಚೇರಿಗೆ ಹೋಗಿ ನವೀಕರಿಸಿಕೊಳ್ಳಿ ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಯಾವ ದೇಶವನ್ನು ಬಿಟ್ಟು ಓಡಿಬಂದರೋ ಅದರ ರಕ್ಷಣೆಯನ್ನು ಸ್ವಇಚ್ಛೆಯಿಂದ ಮತ್ತೆ ಪಡೆದವರ ನಿರಾಶ್ರಿತ ಸ್ಥಾನಮಾನ ಕೊನೆಗೊಳ್ಳುತ್ತದೆ ಎಂಬ ಮಾತು ಅದೇ ಒಡಂಬಡಿಕೆಯ ಮೊದಲನೆಯ ವಿಧಿಯಲ್ಲಿದೆ. ಪಾಸ್‌ಪೋರ್ಟ್ ನವೀಕರಿಸಿಕೊಳ್ಳುವುದನ್ನೂ ಹಾಗೆ ರಕ್ಷಣೆ ಪಡೆದಂತೆಯೇ ಎಣಿಸಬಹುದು. ನಿರಾಶ್ರಿತರಿಗಾಗಿ ಆಶ್ರಯ ಕೊಟ್ಟ ದೇಶವೇ ಪ್ರತ್ಯೇಕ ಪ್ರಯಾಣ ದಾಖಲೆ ಕೊಡಲು 28ನೆಯ ವಿಧಿ ಇದೆ. ಪುಣ್ಯಕ್ಕೆ, ರಾಯಭಾರ ಕಚೇರಿಯ ಮೆಟ್ಟಿಲು ಹತ್ತುವ ಮೊದಲು ಅವರು ವಕೀಲರನ್ನು ಕೇಳಿದ್ದರು. ಅಂದಿನಿಂದ ಇಂಥ ಪ್ರಶ್ನೆಗೆ ನಮ್ಮೆಲ್ಲರ ಉತ್ತರ ಒಂದೇ: ನನಗೆ ಗೊತ್ತಿಲ್ಲ, ಗೊತ್ತಿರುವವರ ಬಳಿ ಇಬ್ಬರೂ ಹೋಗೋಣ.

ಕಾಗದಪತ್ರ ನೋಡುವಾಗ ಅಜ್ಜಿಯದೂ ಹುಡುಗಿಯ ತಂದೆಯದೂ ಜನ್ಮದಿನ ಜನವರಿ 1 ಎಂದೇ ಇದ್ದರೆ ಅನುಮಾನಿಸಬೇಡಿ, ತಿದ್ದಿಸಲೂ ಹೊರಡಬೇಡಿ. ಜನನ ದಾಖಲೆ ಇಲ್ಲದವರ ವರ್ಷವನ್ನು ಅಂದಾಜಿಸಿ ಆ ದಿನಾಂಕ ಬರೆದುಕೊಳ್ಳುವುದು ನೋಂದಣಿಯಲ್ಲಿ ಸಾಮಾನ್ಯ. ಹೆಸರಿನ ಕಾಗುಣಿತವೂ ಕಾಗದದಲ್ಲಿ ಇದ್ದಂತೆಯೇ ಪ್ರತಿ ಅರ್ಜಿಯಲ್ಲಿ ಇರಲಿ. ನಿಮಗೆ ಸರಿಯೆನಿಸಿದಂತೆ ಬರೆದರೆ ಶಾಲೆಯಲ್ಲೊಂದು, ಬ್ಯಾಂಕಿನಲ್ಲೊಂದು ಹೆಸರಾಗಿ ಅವರು ವರ್ಷಗಟ್ಟಲೆ ಅಲೆಯಬೇಕಾಗುತ್ತದೆ. ಪೆನ್ನು ಅವರ ಕೈಯಲ್ಲಿರಲಿ. ಒಂದು ಪುಟಕ್ಕೆ ಒಂದು ಗಂಟೆ ಹಿಡಿದರೂ ಹಿಡಿಯಲಿ.

ಎರಡನೆಯ ಉತ್ತರ

ನನಗೆ ಹತ್ತು ವರ್ಷವಾಗಿದ್ದಾಗ ನಮ್ಮ ಕುಟುಂಬವೇ ನಿರಾಶ್ರಿತವಾಗಿ ಬಂದಿತ್ತು. ಹೊಸ ಭಾಷೆ ಮನೆಯಲ್ಲಿ ಮೊದಲು ನಾಲಿಗೆಗೆ ಹತ್ತಿದ್ದು ನನಗೆ. ಹಾಗಾಗಿ ಎಲ್ಲ ಕಡೆಗೂ ನನ್ನನ್ನೇ ಕರೆದೊಯ್ಯುತ್ತಿದ್ದರು. ಒಮ್ಮೆ ವೈದ್ಯರು ಅಮ್ಮನ ಕತ್ತಿನ ಬಳಿಯಿದ್ದ ಗಂಟನ್ನು ಪರೀಕ್ಷೆಗೆ ಕಳಿಸಬೇಕು, ಅದು ಏನೆಂದು ಈಗಲೇ ಹೇಳಲಾಗದು ಎಂದರು. ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. "ಇನ್ನೊಂದು ಸಲ ಬರಬೇಕಂತೆ" ಎಂದಷ್ಟೇ ಹೇಳಿದೆ. ಗಂಟಿನಿಂದ ಅಪಾಯವೇನೂ ಆಗಲಿಲ್ಲ, ಆದರೆ ಫಲಿತಾಂಶ ಬರುವವರೆಗಿನ ಮೂರು ವಾರ ಅದನ್ನು ನಾನೊಬ್ಬನೇ ಹೊತ್ತಿದ್ದೆ.

ಆದ್ದರಿಂದ ಆ ಹನ್ನೊಂದರ ಹುಡುಗಿಯನ್ನು ದಯವಿಟ್ಟು ದುಭಾಷಿಯನ್ನಾಗಿ ಮಾಡಬೇಡಿ. ಬಸ್ಸಿನ ವೇಳೆ ಕೇಳುವುದು ಬೇರೆ. ಆಸ್ಪತ್ರೆ, ಕಚೇರಿ, ತಂದೆತಾಯಿಯ ಹಣದ ಮಾತು ಬೇರೆ. ಫೋನಿನಲ್ಲಾದರೂ ಸರಿ, ತರಬೇತಾದ ದುಭಾಷಿಯನ್ನು ಗೊತ್ತುಮಾಡಿಸಿ. ಯಾವ ಉಪಭಾಷೆ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಿ. ಹೆಂಗಸರ ಆರೋಗ್ಯದ ವಿಷಯವಾದರೆ ದುಭಾಷಿ ಹೆಂಗಸಾಗಬೇಕೇ ಎಂದು ಅವರನ್ನೇ ಕೇಳಿ. ನೀವು ನೋಡಿ ಮಾತನಾಡಬೇಕಾದದ್ದು ತಾಯಿಯನ್ನು, ದುಭಾಷಿಯನ್ನಲ್ಲ. "ಅರ್ಥವಾಯಿತೇ" ಎಂದರೆ ಎಲ್ಲರೂ ಮರ್ಯಾದೆಗೆ ಹೌದೆನ್ನುತ್ತಾರೆ. ಮಾತ್ರೆಯನ್ನು ಯಾವಾಗ ತೆಗೆದುಕೊಳ್ಳುತ್ತೀರಿ, ನೀವೇ ಒಮ್ಮೆ ಹೇಳಿ ಎಂದು ಕೇಳಿದರೆ ತಿಳಿಯುತ್ತದೆ.

ನಮ್ಮ ಜೊತೆಗಿದ್ದ ಸ್ವಯಂಸೇವಕಿಯನ್ನು ನಾನು ಇಂದಿಗೂ ನೆನೆಯುತ್ತೇನೆ. ಮೊದಲ ಸಲ ಬಸ್ಸಿನಲ್ಲಿ ಅವರು ಅಮ್ಮನ ಪಕ್ಕದಲ್ಲಿ ಕುಳಿತರು. ಎರಡನೆಯ ಸಲ ಎರಡು ಸಾಲು ಹಿಂದೆ ಕುಳಿತು, ಎಲ್ಲಿ ಇಳಿಯಬೇಕೆಂಬುದನ್ನು ಅಮ್ಮನಿಗೇ ಬಿಟ್ಟರು. ಮೂರನೆಯ ಸಲ ಬಸ್ಸು ಹತ್ತಲೇ ಇಲ್ಲ. ಇಳಿಯುವ ನಿಲ್ದಾಣದಲ್ಲಿ ನಿಂತು ಕಾದರು. ಅಮ್ಮ ಒಂದು ನಿಲ್ದಾಣ ಮುಂದೆ ಹೋಗಿ, ಇಳಿದು, ನಡೆದುಕೊಂಡು ಬಂದಳು. ಆ ದಿನ ಮನೆಗೆ ಬಂದಾಗ ಅವಳ ಮುಖದಲ್ಲಿದ್ದ ಕಳೆಯನ್ನು ಇಲ್ಲಿಗೆ ಬಂದ ಮೇಲೆ ನಾನು ಅದುವರೆಗೆ ಕಂಡಿರಲಿಲ್ಲ. ನಿಮ್ಮ ಪ್ರಶ್ನೆಗೆ ನನ್ನಲ್ಲಿರುವ ಉತ್ತರ ಇದೇ.

ಹಿಂದಿನ ಕಥೆಯನ್ನು ನೀವಾಗಿ ಕೇಳಬೇಡಿ. ಅದನ್ನು ಅವರು ಅಧಿಕಾರಿಗಳ ಮುಂದೆ, ತಾರೀಖು ತಪ್ಪಿದರೆ ಸುಳ್ಳೆಂದಾರು ಎಂಬ ಭಯದಲ್ಲಿ, ಎಷ್ಟೋ ಸಲ ಹೇಳಿ ಬಂದಿರುತ್ತಾರೆ. ಅವರಾಗಿ ಹೇಳತೊಡಗಿದರೆ ಕೇಳಿಸಿಕೊಳ್ಳಿ. ಕೇಳಲೇಬೇಕೆನಿಸಿದರೆ ಅವರಿಗೆ ಯಾವ ಕೆಲಸ ಬರುತ್ತದೆ ಎಂದು ಕೇಳಿ. ನನ್ನಪ್ಪ ಮರಗೆಲಸದವನೆಂದು ತಿಳಿದ ಸಂಜೆ ಆ ಸ್ವಯಂಸೇವಕಿ ತನ್ನ ಮನೆಯ ಮುರಿದ ಕುರ್ಚಿಯನ್ನು ತಂದುಕೊಟ್ಟಿದ್ದರು.

ಮೂರನೆಯ ಉತ್ತರ

ಹಣದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಕೈಗಡ ಕೊಡಬೇಡಿ, ಸಾಲಗಾರರಾದ ಮೇಲೆ ಅವರು ನಿಮಗೆ ಯಾವುದಕ್ಕೂ ಬೇಡವೆನ್ನಲಾರರು. ತುರ್ತು ಅಗತ್ಯವಿದ್ದರೆ ಸಂಸ್ಥೆಯ ಮೂಲಕವೇ ಹೋಗಲಿ.

ಮೊದಲ ಕೆಲವು ವಾರಗಳ ಉತ್ಸಾಹ ನೋಡಿ ಎಲ್ಲ ಸರಿಹೋಯಿತೆಂದೂ ತಿಳಿಯಬೇಡಿ. ಓಡಾಟ ಮುಗಿದು, ಊರಿನಲ್ಲಿ ಉಳಿದವರ ಫೋನು ರಾತ್ರಿಯೆಲ್ಲ ಬರತೊಡಗಿದಾಗ, ಹಲವರು ಕುಸಿಯುವುದು ಆಮೇಲೆಯೇ. ಸ್ವಯಂಸೇವಕರು ಹೋಗುವುದನ್ನು ಕಡಿಮೆ ಮಾಡುವುದೂ ಹೆಚ್ಚಾಗಿ ಅದೇ ಹೊತ್ತಿಗೆ. ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ ಎಂಬುದು ವಾರಗಟ್ಟಲೆ ನಡೆದರೆ ಸಂಸ್ಥೆಗೆ ತಿಳಿಸಿ, ತಜ್ಞರ ನೆರವು ಕೊಡಿಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಇಂದು ಸಂಸ್ಥೆಗೆ ಫೋನ್ ಮಾಡಿ ವಿಚಾರಿಸಿದೆ: ಕುಟುಂಬ ಪುನರ್ವಸತಿ ಯೋಜನೆಯಡಿ ಬರುತ್ತಿದ್ದು, ವಾಸದ ಹಕ್ಕು ಸಿಕ್ಕಿದೆ. ಅಜ್ಜಿಗೆ ವೈದ್ಯರ ಭೇಟಿ ಮೊದಲ ವಾರದಲ್ಲೇ ಇದೆ. ಆ ಭೇಟಿಗೆ ನನ್ನ ಪಟ್ಟಿಯಲ್ಲಿ ಮಗಳ ಹೆಸರು ಬರೆದಿಟ್ಟಿದ್ದೆ. ಅದನ್ನು ಹೊಡೆದುಹಾಕಿ ದುಭಾಷಿಗಾಗಿ ಕೋರಿಕೆ ಸಲ್ಲಿಸಿದ್ದೇನೆ. ಬಸ್ಸಿನಲ್ಲಿ ಎರಡು ಸಾಲು ಹಿಂದೆ ಸುಮ್ಮನೆ ಕೂರುವುದು ನನಗೆ ಎಲ್ಲಕ್ಕಿಂತ ಕಷ್ಟವಾದೀತು, ಆದರೂ ಕೂರುತ್ತೇನೆ.