ಏಳೂವರೆ ಸೀರಿಯಲ್ ಉಳಿಸಿ: ನಮ್ಮನೆ ಗ್ರೂಪಿನ ಜಗಳ

ಮಲ್ಲೇಶ್ವರಂ ಅತ್ತೆ (ಫಾರ್ವರ್ಡ್): ನಮ್ಮ ಪ್ರೀತಿಯ ಏಳೂವರೆ ಧಾರಾವಾಹಿ ನಿಲ್ಲಿಸೋ ಹುನ್ನಾರ!! ಇವತ್ತು ರಾತ್ರಿ 9ಕ್ಕೆ ಎಲ್ಲರೂ ಚಾನೆಲ್ ಪೇಜಲ್ಲಿ ಕಮೆಂಟ್ ಹಾಕಿ. 10 ಗ್ರೂಪಿಗೆ ಕಳಿಸಿ.

ಮಲ್ಲೇಶ್ವರಂ ಅತ್ತೆ: ಎಲ್ಲರೂ ಹಾಕ್ಬೇಕು. ಪುಟ್ಟಿ, ಹ್ಯಾಶ್‌ಟ್ಯಾಗ್ ಎಲ್ಲಿರತ್ತೆ ಹೇಳು.

ಚಿಕ್ಕಪ್ಪ: ಅಕ್ಕಾ, ಅದ್ರಲ್ಲಿ ಒಂದು ತಾಳಿ ಕಟ್ಟೋಕೆ ಒಂದು ವಾರ ತಗೊಂಡ್ರು. ನಿಲ್ಲಲಿ ಬಿಡು.

ಮಲ್ಲೇಶ್ವರಂ ಅತ್ತೆ: ನ್ಯೂಸಲ್ಲಿ ಕೂಗಾಡೋದನ್ನ ಮೂರು ಗಂಟೆ ಕೇಳ್ತೀಯ, ಇದಾಗಲ್ವಾ?

ಆರ್‌ಆರ್ ನಗರ ಅಣ್ಣ: ಬೇಜಾರ್ ಮಾಡ್ಕೋಬೇಡಿ ಅತ್ತೆ, ಕಮೆಂಟಿಂದ ಏನೂ ಆಗಲ್ಲ. ಸೀರಿಯಲ್ ಮಾಡೋ ನಮ್ಮ ಹಣೆಬರಹ ಗುರುವಾರ ಬರತ್ತೆ, ಯಾವುದನ್ನ ಎಷ್ಟು ಜನ ನೋಡಿದ್ರು ಅನ್ನೋ ಬಾರ್ಕ್ ರೇಟಿಂಗು. ಅವತ್ತು ಸೆಟ್ಟಲ್ಲಿ ಮ್ಯಾನೇಜರ್ ಮುಖ ನೋಡಿದ್ರೆ ಸಾಕು. ಟಿವೀಲಿ ಏನು ನೋಡ್ತಾರೆ ಅಂತ ಲೆಕ್ಕ ಇಡೋ ಮೀಟರ್ ಇಟ್ಟಿರೋ ಮನೆ ಇಡೀ ದೇಶಕ್ಕೆ ಐವತ್ತು ಚಿಲ್ಲರೆ ಸಾವಿರ. ನಿಮ್ಮನೇಲಿ ಇಲ್ಲ ತಾನೆ? ಹಾಗಾದ್ರೆ ನೀವು ನೋಡಿದ್ರೂ ಅಷ್ಟೇ, ಬಿಟ್ರೂ ಅಷ್ಟೇ.

ಮಲ್ಲೇಶ್ವರಂ ಅತ್ತೆ: ಏಳೂವರೆಗೆ ಕುಕ್ಕರ್ ಆರಿಸಿ ಬಂದು ಕೂತ್ಕೋತೀನಿ ಕಣೋ. ನಾನು ಲೆಕ್ಕಕ್ಕೇ ಇಲ್ವಾ?

ಪುಟ್ಟಿ: ಹೇ, ಆಗತ್ತೆ. 2018ರಲ್ಲಿ ಅಮೆರಿಕದ ಬ್ರೂಕ್ಲಿನ್ ನೈನ್-ನೈನ್ ಸೀರಿಯಲ್‌ನ ಫಾಕ್ಸ್ ಚಾನೆಲ್ ಕೈಬಿಡ್ತು. ಟ್ವಿಟರ್ ಹೊತ್ಕೊಂಡು ಉರೀತು. ಎರಡು ದಿನದೊಳಗೆ ಎನ್‌ಬಿಸಿ ಚಾನೆಲ್ ತಗೊಳ್ತು.

ಆರ್‌ಆರ್ ನಗರ ಅಣ್ಣ: ಅದನ್ನ ಮಾಡ್ತಿದ್ದದ್ದೇ ಎನ್‌ಬಿಸಿಯ ಸೋದರ ಸಂಸ್ಥೆ, ಯೂನಿವರ್ಸಲ್ ಟೆಲಿವಿಷನ್. ಮನೆಮಗ ಮನೆಗೆ ಬಂದ, ಅಷ್ಟೇ.

ಪುಟ್ಟಿ: ಜೆರಿಕೋ ಸೀರಿಯಲ್? ನಿಲ್ಲಿಸಿದಾಗ 2007ರಲ್ಲಿ ಅಭಿಮಾನಿಗಳು ಸಿಬಿಎಸ್ ಚಾನೆಲ್ ಆಫೀಸಿಗೆ ಟನ್‌ಗಟ್ಲೆ ಕಡಲೆಕಾಯಿ ಕಳಿಸಿದ್ರು. ಕಥೇಲಿ ‘ನಟ್ಸ್’ ಅಂತ ಒಂದು ಮಾತು ಬರತ್ತೆ, ಅದಕ್ಕೆ. ಸೀರಿಯಲ್ ವಾಪಸ್ ಬಂತು!

ಚಿಕ್ಕಪ್ಪ: ನಮಗೇನ್ ಕಷ್ಟ? ಕಡಲೆಕಾಯಿ ಪರಿಷೆ ಟೈಮಲ್ಲಿ ಬಸವನಗುಡಿಯಿಂದ ಒಂದು ಲಾರಿ ಕಳಿಸೋಣ.

ಆರ್‌ಆರ್ ನಗರ ಅಣ್ಣ: ವಾಪಸ್ ಬಂದಿದ್ದು ಏಳೇ ಎಪಿಸೋಡ್. ಆಮೇಲೆ ಮತ್ತೆ ಬಾಗಿಲು ಹಾಕಿದ್ರು.

ಅಪ್ಪ: ಅಮೆರಿಕ ಯಾಕೆ? 2020ರಲ್ಲಿ ಜೀ ಕನ್ನಡದ ‘ಮಹಾನಾಯಕ’ ನೆನಪಿಲ್ವಾ? ಅಂಬೇಡ್ಕರ್ ಕಥೆ, ಹಿಂದಿಯಿಂದ ಡಬ್ ಆಗಿದ್ದು. ಊರೂರಲ್ಲಿ ಜನ ಫ್ಲೆಕ್ಸ್ ಕಟ್ಟಿದ್ರು. ಚಾನೆಲ್ ಮುಖ್ಯಸ್ಥರಿಗೆ ಬೆದರಿಕೆ ಕರೆ ಬಂದಾಗ ಅವರ ಬೆನ್ನಿಗೂ ನಿಂತ್ರು.

ಆರ್‌ಆರ್ ನಗರ ಅಣ್ಣ: ಅದು ಬೇರೆ, ಅಪ್ಪ, ಒಪ್ತೀನಿ. ದುಡ್ಡು ಹಾಕಿ ಊರ ಬಾಗಿಲಲ್ಲಿ ಫ್ಲೆಕ್ಸ್ ಕಟ್ಟೋದಕ್ಕೂ ಸೋಫಾ ಮೇಲೆ ಕೂತು ಹ್ಯಾಶ್‌ಟ್ಯಾಗ್ ಒತ್ತೋದಕ್ಕೂ ವ್ಯತ್ಯಾಸ ಇಲ್ವಾ? ‘ಜೊತೆ ಜೊತೆಯಲಿ’ ನೋಡಿ. 2022ರಲ್ಲಿ ಹೀರೋ ಅನಿರುದ್ಧ್ ಹೊರಗೆ ಹೋದಾಗ ಅಭಿಮಾನಿಗಳು ಎಷ್ಟು ಕೇಳ್ಕೊಂಡ್ರು! ಅವರು ವಾಪಸ್ ಬರ್ಲಿಲ್ಲ, ಹರೀಶ್ ರಾಜ್ ಬಂದ್ರು.

ಪುಟ್ಟಿ: ಅಂದ್ರೆ ಫ್ಯಾನ್ಸ್ ಮಾತು ಯಾರೂ ಕೇಳಲ್ಲ?

ಆರ್‌ಆರ್ ನಗರ ಅಣ್ಣ: ಕೇಳ್ತಾರೆ. ಉಳಿಸೋ ವಿಷಯದಲ್ಲಲ್ಲ, ಕಥೆ ತಿರುಗಿಸೋ ವಿಷಯದಲ್ಲಿ. ನಮ್ಮ ಹಿಂದಿನ ಸೀರಿಯಲ್ಲಲ್ಲಿ ಹೀರೋನ ತಮ್ಮ ಮೂವತ್ತು ಎಪಿಸೋಡಿಗೆ ಆಕ್ಸಿಡೆಂಟಲ್ಲಿ ಸಾಯ್ಬೇಕಿತ್ತು. ಅಷ್ಟರಲ್ಲಿ ಕಾಲೇಜು ಹುಡುಗೀರು ಅವನದ್ದು, ಆ ಟೀಚರ್ ಹುಡುಗೀದು ರೀಲ್ಸ್ ಮಾಡಿ ಮಾಡಿ ಹಾಕಿದ್ರು. ಚಾನೆಲಿಂದ ಫೋನು: ಇಬ್ರಿಗೂ ದಿನಕ್ಕೊಂದು ಸೀನ್ ಬರ್ಲಿ. ಒನ್‌ಲೈನ್, ಅಂದ್ರೆ ಮುಂದಿನ ಕಥೆಯ ಪಟ್ಟಿ, ಹರಿದು ಹಾಕಿದ್ವಿ. ಡೈಲಾಗ್ ಬರೆಯೋರು ಗೇಟ್ ಹೊರಗೆ ಕಾರಲ್ಲಿ ಕೂತು ಒಂದೊಂದೇ ಹಾಳೆ ಫೋಟೋ ತೆಗೆದು ಕಳಿಸ್ತಿದ್ರು, ಹೀರೋಯಿನ್ ಮೇಕಪ್ ಹಾಕ್ಕೊಂಡು ಎರಡು ಗಂಟೆ ಕಾದ್ರು. ಹೋಗಬೇಕಿದ್ದವನು ಕೋಮಾದಿಂದ ಎದ್ದು ಕೂತ. ಹೀರೋಯಿನ್ ಸೀನ್ ಕಡಿಮೆ ಆಯ್ತು ಅಂತ ಅವರ ಫ್ಯಾನ್ಸ್ ಆ ಟೀಚರ್ ಪಾತ್ರದ ಹುಡುಗಿಗೆ ಏನೇನು ಬರೆದ್ರು ಅಂತ ಇಲ್ಲಿ ಹೇಳೋ ಹಾಗಿಲ್ಲ, ಅಮ್ಮನೂ ಗ್ರೂಪಲ್ಲಿದ್ದಾರೆ. ಇನ್ನೂ ಇಪ್ಪತ್ತು ತುಂಬಿರ್ಲಿಲ್ಲ ಆ ಹುಡುಗಿಗೆ. ಮೇಕಪ್ ರೂಮಲ್ಲಿ ಫೋನ್ ಆಫ್ ಮಾಡಿ ಬ್ಯಾಗಿನ ತಳಕ್ಕೆ ಹಾಕಿಟ್ಟಿರ್ತಿದ್ಲು.

ಪುಟ್ಟಿ: ಛೇ.

ಮಲ್ಲೇಶ್ವರಂ ಅತ್ತೆ: ಆ ಕೋಮಾ ನಿಮ್ಮ ಕೆಲಸಾನಾ?! ಅವನು ಕಣ್ಣು ಬಿಡ್ಲಿ ಅಂತ ನಾನು ಕಾಡು ಮಲ್ಲೇಶ್ವರನಿಗೆ ತುಪ್ಪದ ದೀಪ ಹಚ್ಚಿದ್ದೆ!

ಚಿಕ್ಕಪ್ಪ: ನೋಡು, ರೀಲ್ಸ್ ಅಲ್ಲ, ದೀಪ.

ಮಲ್ಲೇಶ್ವರಂ ಅತ್ತೆ: ನೀನು ಸುಮ್ನಿರು. ಆ ಮೀಟರ್ ನಮ್ಮನೆಗೆ ಹಾಕಿಸ್ಕೊಳ್ಳೋಕೆ ಯಾರಿಗೆ ಅರ್ಜಿ ಕೊಡ್ಬೇಕು?

ಆರ್‌ಆರ್ ನಗರ ಅಣ್ಣ: ಕೇಳಿದೋರಿಗೆ ಕೊಡಲ್ಲ ಅತ್ತೆ. ಇರೋರು ಯಾರಿಗೂ ಹೇಳೋ ಹಾಗೂ ಇಲ್ಲ.

ಮಲ್ಲೇಶ್ವರಂ ಅತ್ತೆ: ಓಹೋ. ಎದುರುಮನೆಯವಳು ಊರಿಗೆ ಹೋದಾಗ್ಲೂ ಟಿವಿ ಹಾಕಿಟ್ಟು ಹೋಗ್ತಾಳೆ. ಕೇಳಿದ್ರೆ ಕಳ್ಳರ ಭಯ ಅಂತಾಳೆ. ತಡಿ, ಸಕ್ಕರೆ ಕೇಳೋ ನೆಪದಲ್ಲಿ ಹೋಗಿ ನೋಡ್ಕೊಂಡು ಬರ್ತೀನಿ.