ಅಪ್‌ಡೇಟ್: ನಾಯಿಯ ಊಟದ ಸ್ಟ್ಯಾಂಡ್ ಸಿದ್ಧವಾಯಿತು

ನಮ್ಮ 11 ವರ್ಷದ ನಾಯಿಗೆ ಕತ್ತು ಬಗ್ಗಿಸುವುದು ಕಷ್ಟವಾಗಿದೆ, ಊಟದ ಬಟ್ಟಲಿಗೆ ಮರದ ಸ್ಟ್ಯಾಂಡ್ ಮಾಡುವುದು ಹೇಗೆ ಎಂದು ಹೋದ ತಿಂಗಳು ಕೇಳಿದ್ದೆ. ಮಾಡಿ ಮುಗಿಸಿದೆ, ಎರಡನೆಯ ಪ್ರಯತ್ನದಲ್ಲಿ.

ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್‌ನಿಂದ ತಂದ ತೇಗದ ಹಲಗೆಗೆ ಬಟ್ಟಲಿನ ಅಂಚಿನ ಅಳತೆಗೇ ತೂತು ಕೊರೆದಿದ್ದೆ. ಬಟ್ಟಲು ಸೀದಾ ನೆಲಕ್ಕೆ ಬಿತ್ತು. ಅಂಚು ಹಲಗೆಯ ಮೇಲೆ ಕೂರಬೇಕಾದರೆ ತೂತು ಅದಕ್ಕಿಂತ ಚಿಕ್ಕದಿರಬೇಕು. ಅಜ್ಜ ಇದ್ದಿದ್ದರೆ ಕಿವಿ ಹಿಂಡುತ್ತಿದ್ದರು.

ಎತ್ತರ 6 ಅಂಗುಲ. ನಮ್ಮದು ಸಣ್ಣ ನಾಯಿ. ದೊಡ್ಡ ತಳಿಗಳಿಗೆ ಎತ್ತರದ ಬಟ್ಟಲಿನಿಂದ ಹೊಟ್ಟೆ ತಿರುಚಿಕೊಳ್ಳುವ ಅಪಾಯ ಹೆಚ್ಚಬಹುದು, ಪಶುವೈದ್ಯರನ್ನು ಕೇಳಿಯೇ ಮಾಡಿ.

ಇರುವೆ ಹತ್ತದಂತೆ ಕಾಲುಗಳ ಕೆಳಗೆ ನೀರಿನ ತಟ್ಟೆಗಳನ್ನು ಇಟ್ಟಿದ್ದೇನೆ, ಅಮ್ಮ ತಿಂಡಿಯ ಬೀರುವಿಗೆ ಇಡುತ್ತಿದ್ದ ಹಾಗೆ. ಈಗ ಅವನು ಬಟ್ಟಲು ಬಿಟ್ಟು ಆ ನೀರನ್ನೇ ಮೊದಲು ಕುಡಿಯುತ್ತಾನೆ.